ಪೆಟ್ಟಿಗೆ ದೂರದಲ್ಲಿ, ಬೀಗದ ಕೈ ಮನೆಯಲ್ಲಿ

ಹಿಂದೆ ಮನೆಯ ಕಾಗದಪತ್ರಗಳೆಲ್ಲವೂ ಒಂದು ಮರದ ಪೆಟ್ಟಿಗೆಯಲ್ಲಿ ಅಡಗುತ್ತಿದ್ದುವು. ಈಗಲಾದರೋ ಕ್ರಯಪತ್ರದ ನಕಲು, ಮಕ್ಕಳ ಭಾವಚಿತ್ರ, ಗತಿಸಿದ ಹಿರಿಯರ ಧ್ವನಿ, ಎಲ್ಲವೂ ಕಂಪ್ಯೂಟರನ್ನೂ ಮೊಬೈಲನ್ನೂ ಸೇರಿವೆ. ಕ್ರಯಪತ್ರದ ನಕಲನ್ನು ಕಛೇರಿಯಿಂದ ಮತ್ತೆ ಪಡೆಯಬಹುದು. ಹಿರಿಯರ ಧ್ವನಿಯನ್ನು ಮರಳಿ ಕೊಡುವ ಕಛೇರಿಯು ಎಲ್ಲಿಯೂ ಇಲ್ಲ. ಆದುದರಿಂದ ಇವುಗಳ ಇನ್ನೊಂದು ಪ್ರತಿಯನ್ನು, ಎಂದರೆ ಬ್ಯಾಕಪ್ಪನ್ನು, ಬೇರೆಡೆಯಲ್ಲಿರಿಸುವುದು ಗೃಹಸ್ಥರ ಕರ್ತವ್ಯವಾಗಿದೆ.

ಬೇರೆಡೆಯೆಂದರೆ ನಿಜವಾಗಿಯೂ ಬೇರೆಡೆಯೇ ಆಗಿರಬೇಕು. 2021ನೆಯ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಕಂಪೆನಿಯ ದತ್ತಾಂಶ ಭಂಡಾರಕ್ಕೆ ಬೆಂಕಿ ಬಿದ್ದಿತು. ಮೂಲವನ್ನೂ ಪ್ರತಿಯನ್ನೂ ಅದೊಂದೇ ಸ್ಥಳದಲ್ಲಿರಿಸಿದ್ದ ಕೆಲವು ಗಿರಾಕಿಗಳು ಎರಡನ್ನೂ ಕಳೆದುಕೊಂಡರು. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಅವುಗಳಲ್ಲಿ ಒಂದು ಪ್ರತಿಯು ದೂರದಲ್ಲಿ: ಇದೇ ಬಲ್ಲವರು ಹೇಳುವ ಸೂತ್ರವು.

ಪರರ ಮನೆಯಲ್ಲಿಡುವ ಪೆಟ್ಟಿಗೆಗೆ ಬೀಗವು ಬೇಡವೇ? ಆ ಬೀಗವೇ ಗೂಢಲಿಪಿಯು. ‘ನಾವು ಬೀಗ ಹಾಕಿರುವೆವು’ ಎಂದು ಕಂಪೆನಿಗಳು ಹೇಳುವುದುಂಟು. ಆಗ ನಾವು ಕೇಳತಕ್ಕ ಪ್ರಶ್ನೆಯು ಒಂದೇ: ಬೀಗದ ಕೈ ಯಾರ ಬಳಿ ಇದೆ? ಅದು ಕಂಪೆನಿಯಲ್ಲಿದ್ದರೆ ಅಲ್ಲಿನವರೂ ಪೆಟ್ಟಿಗೆಯನ್ನು ತೆರೆಯಬಲ್ಲರು. ಕಡತಗಳು ನಮ್ಮ ಯಂತ್ರದಲ್ಲಿಯೇ ಗೂಢವಾಗಿ ಹೊರಡುವ ಏರ್ಪಾಡನ್ನು ಆರಿಸುವುದು ಮೇಲು. ರೆಸ್ಟಿಕ್ ಎಂಬ ಉಚಿತ ತಂತ್ರಾಂಶವು ಹೀಗೆಯೇ ಮಾಡುವುದು; ಆಜ್ಞೆಗಳನ್ನು ಬರೆದು ನಡೆಸಬೇಕಾದುದರಿಂದ ಮೊದಲಿಗೆ ಬಲ್ಲವರ ನೆರವು ಬೇಕು. ವಾಟ್ಸಾಪಿನ ಬ್ಯಾಕಪ್ಪಿಗೂ ಇಂತಹ ಬೀಗವು 2021ರಿಂದ ದೊರೆಯುತ್ತಿದೆ.

ಇದರಲ್ಲಿ ಒಂದು ಅಪಾಯವೂ ಉಂಟು. ರೆಸ್ಟಿಕ್ಕಿನ ಪಾಸ್‌ವರ್ಡು ಕಳೆದುಹೋದರೆ ಅದನ್ನು ಮಾಡಿದವರೂ ಪೆಟ್ಟಿಗೆಯನ್ನು ತೆರೆಯಲಾರರು. ಪಾಸ್‌ವರ್ಡನ್ನು ಅದೇ ಕಂಪ್ಯೂಟರಿನಲ್ಲಿ ಮಾತ್ರ ಬರೆದಿಟ್ಟರೆ ಕಂಪ್ಯೂಟರಿನೊಡನೆ ಅದೂ ಹೋಗುವುದು. ಕಾಗದದಲ್ಲಿ ಬರೆದು, ಒಂದನ್ನು ಮನೆಯಲ್ಲಿಯೂ ಇನ್ನೊಂದನ್ನು ನಂಬುಗೆಯ ಬಂಧುಗಳಲ್ಲಿಯೂ ಇರಿಸತಕ್ಕದ್ದು. ಮನೆಯಲ್ಲಿ ಮತ್ತೊಬ್ಬರಿಗೂ ಅದು ಇರುವೆಡೆಯನ್ನು ತಿಳಿಸತಕ್ಕದ್ದು.

ಮತ್ತೆರಡು ಮಾತುಗಳು. ಇಲ್ಲಿ ಅಳಿಸಿದುದು ಅಲ್ಲಿಯೂ ಒಡನೆ ಅಳಿಯುವುದಾದರೆ ಅದು ಬ್ಯಾಕಪ್ಪಲ್ಲ. ಹಳೆಯ ಪ್ರತಿಗಳು ಕೆಲಕಾಲವಾದರೂ ಉಳಿಯಬೇಕು. ಮೊದಲ ಸಲ ಕಳುಹಿಸಲು ತಾಳ್ಮೆಯೂ ಬೇಕು: ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 100 ಗಿಗಾಬೈಟಿಗೆ ಸುಮಾರು 22 ಗಂಟೆ ಹಿಡಿಯುವುದು.

ಕಡೆಯದಾಗಿ, ಕೆಲವು ತಿಂಗಳಿಗೊಮ್ಮೆ ಒಂದು ಭಾವಚಿತ್ರವನ್ನಾದರೂ ಮರಳಿ ತರಿಸಿ ತೆರೆದು ನೋಡಿರಿ. ತೆರೆಯದ ಪೆಟ್ಟಿಗೆಯನ್ನು ನಂಬಿ ಕುಳಿತರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದಂತಾದೀತು.