ನಿಧಾನ ಹೋದಷ್ಟೂ ಉಳಿಯುವ ಪೆಟ್ರೋಲು

ಬೆಂಗಳೂರಿನ ವಿಲ್ಸನ್ ಗಾರ್ಡನ್ ಪಕ್ಕದ ಶಾಂತಿನಗರದಲ್ಲಿ, ಕೆ.ಎಚ್. ರಸ್ತೆಯಲ್ಲಿ, ಕೆಎಸ್‌ಆರ್‌ಟಿಸಿ ಕೇಂದ್ರ ಕಚೇರಿಯಿದೆ. ಒಂದು ಲೀಟರ್ ಡೀಸೆಲ್‌ಗೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತು ಎಂಬ ‘ಕೆಎಂಪಿಎಲ್’ ಲೆಕ್ಕಕ್ಕೆ ಆ ಸಂಸ್ಥೆಯಲ್ಲಿ ಬಹಳ ಬೆಲೆ. ಇದೇ ಬಡಾವಣೆಗಳ ಜನ ರಜೆಯಲ್ಲಿ ಕಬಿನಿಗೋ ಭದ್ರಾ ಹಿನ್ನೀರಿಗೋ ಹೋದಾಗ ಹತ್ತುವ ಮೋಟಾರು ದೋಣಿಯ ಮೈಲೇಜು ಎಷ್ಟೆಂದು ಕೇಳುವವರು ಅಪರೂಪ. ದೋಣಿಯ ಖರ್ಚನ್ನು ಗಂಟೆಗೆ ಇಷ್ಟು ಲೀಟರ್ ಎಂದು ಹೇಳುವುದೇ ವಾಡಿಕೆ. ಪೂರ್ತಿ ಥ್ರಾಟಲ್ ಕೊಟ್ಟರೆ 25 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಗಂಟೆಗೆ ಸುಮಾರು 9ರಿಂದ 10 ಲೀಟರ್ ಕುಡಿಯುತ್ತದೆ. ಆದರೆ ಗಂಟೆಯನ್ನು ಬಿಟ್ಟು ಕಿಲೋಮೀಟರ್ ಲೆಕ್ಕ ಹಿಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ದೋಣಿಯ ಮೈಲೇಜನ್ನು ಎಂಜಿನ್ನಿನ ಕಂಪನಿಗಿಂತ ಹೆಚ್ಚಾಗಿ ನಿರ್ಧರಿಸುವುದು ಅದರ ವೇಗ.

ಕಾರಣ ನೀರಿನಲ್ಲೇ ಇದೆ. ಸಾಗುವ ದೋಣಿ ಅಲೆ ಎಬ್ಬಿಸುತ್ತದೆ, ಆ ಅಲೆಗೂ ಪೆಟ್ರೋಲೇ ಸುರಿಯಬೇಕು. ನೀರಿಗೆ ತಾಗುವ ಉದ್ದ 6 ಮೀಟರ್ ಇರುವ ಸಾಧಾರಣ ದೋಣಿಗೆ ಗಂಟೆಗೆ ಸುಮಾರು 11 ಕಿ.ಮೀ. ಒಂದು ಗಡಿ. ಅದನ್ನು ದಾಟಲು ಹೊರಟರೆ ಹಿಂಭಾಗ ತಗ್ಗಿ, ಮೂತಿ ಮೇಲೆದ್ದು, ದೋಣಿ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತತೊಡಗುತ್ತದೆ. ಬೇಕಾಗುವ ಶಕ್ತಿ ಸ್ಥೂಲವಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಗಡಿಯ ಹತ್ತಿರ ಇನ್ನೂ ಕಡಿದಾಗಿ. ಹಾಗಾಗಿ 11ರ ಬದಲು 8 ಕಿ.ಮೀ. ವೇಗದಲ್ಲಿ ಹೋದರೆ ಪ್ರತಿ ಕಿಲೋಮೀಟರಿಗೆ ಬೇಕಾದ ಶಕ್ತಿ ಅರ್ಧದಷ್ಟಾಗುತ್ತದೆ. ಕಡಿಮೆ ಹೊರೆಯಲ್ಲಿ ಎಂಜಿನ್ ಅಷ್ಟು ದಕ್ಷವಾಗಿ ಇಂಧನ ಬಳಸದ ಕಾರಣ ಪೆಟ್ರೋಲಿನ ಉಳಿತಾಯ ಇದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಸಣ್ಣದಲ್ಲ.

ಚಪ್ಪಟೆ ತಳದ ಹಗುರ ಸ್ಪೀಡ್ ಬೋಟುಗಳು ಇದಕ್ಕೆ ಅಪವಾದವಲ್ಲವೇ ಎಂದು ಬಲ್ಲವರು ಕೇಳಬಹುದು. ಒಂದು ಮಟ್ಟಿಗೆ ನಿಜ. ಅವು ಸಾಕಷ್ಟು ವೇಗ ಪಡೆದ ಮೇಲೆ ನೀರಿನ ಮೇಲ್ಮೈಯಲ್ಲಿ ಜಾರುತ್ತವೆ. ಮೂತಿ ಎತ್ತಿಕೊಂಡು ಒದ್ದಾಡುವ ನಡುವಿನ ವೇಗವೇ ಅವುಗಳ ಪಾಲಿಗೆ ಅತಿ ದುಬಾರಿ. ಆದರೆ ಜನ ತುಂಬಿದ ಸಫಾರಿ ದೋಣಿ ಜಾರುವ ಹಂತ ಮುಟ್ಟಬೇಕಾದರೆ ಭಾರಿ ಎಂಜಿನ್ ಬೇಕು. ಇನ್ನು ಎಂಜಿನ್ನಿನ ಮಾತು. ಹಳೆಯ ಕಾರ್ಬುರೇಟರ್ ಟೂ-ಸ್ಟ್ರೋಕ್ ಬಿಟ್ಟು ಫೋರ್-ಸ್ಟ್ರೋಕ್‌ಗೆ ಹೋಗುವುದೂ ಲಾಭವೇ: ಟೂ-ಸ್ಟ್ರೋಕ್‌ನಲ್ಲಿ ಇಂಧನದ ಕಾಲು ಭಾಗದಷ್ಟು ಉರಿಯದೆಯೇ ಹೊರಬೀಳಬಹುದು, ದೋಣಿಯ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ಹೊಗೆ ಬಿಡುವುದೋ ನೀರಿನೊಳಗೆ. ಪೆಟ್ರೋಲಿನ ಜತೆ ಕೆರೆಯೂ ಕೆಡುತ್ತದೆ. ಮುಳುಗಿದ ಮರದ ಬೊಡ್ಡೆಗೆ ಬಡಿದು ಅಂಚು ಮುಕ್ಕಾದ ಪ್ರೊಪೆಲರ್, ಪಾಚಿ ಹಿಡಿದ ತಳ, ಹಿಂದೆಯೇ ಗುಂಪುಗೂಡಿ ಕುಳಿತ ಪ್ರವಾಸಿಗರು ಇವೂ ಇಂಧನ ತಿನ್ನುತ್ತವೆ.

ನಿಧಾನ ಹೋದರೆ ದಿನಕ್ಕೆ ಒಂದು ಟ್ರಿಪ್ ಕಡಿಮೆಯಾಗುತ್ತದೆ ಎಂಬುದು ದೋಣಿ ನಡೆಸುವವರ ಆಕ್ಷೇಪ. ಆದರೆ ಸವಾರಿಗೆ ಸಮಯ ನಿಗದಿಯಾಗಿರುತ್ತದೆ. ವೇಗ ತಗ್ಗಿಸಿದರೆ ಕಡಿಮೆಯಾಗುವುದು ದೂರ, ಟ್ರಿಪ್ಪಿನ ಸಂಖ್ಯೆಯಲ್ಲ. ಗಾಳಿ ಎದ್ದಾಗ ಬೇಗ ದಡ ಸೇರಲು ಶಕ್ತಿ ಬೇಕೆಂಬ ಮಾತು ಮಾತ್ರ ಸರಿ. ಆ ಶಕ್ತಿ ಎಂಜಿನ್ನಿನಲ್ಲಿ ಇರಲಿ, ದಿನವಿಡೀ ಅದನ್ನು ಬಳಸಬೇಕಿಲ್ಲ. ವಿದ್ಯುತ್ ದೋಣಿ ಬಂದರೆ ಈ ಚರ್ಚೆಯೇ ಮುಗಿಯಿತು ಎನ್ನುವವರೂ ಇದ್ದಾರೆ. ಅಲ್ಲಿ ವೇಗದ ಲೆಕ್ಕ ಇನ್ನೂ ಬಿಗಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿಯಿದೆ. ವಿದ್ಯುತ್ ಮೋಟಾರು ಪೆಟ್ರೋಲ್ ಎಂಜಿನ್ನಿಗಿಂತ ಎಷ್ಟೋ ದಕ್ಷವಾದರೂ, ಅಷ್ಟು ಯೂನಿಟ್ ಹಿಡಿಸುವ ಬ್ಯಾಟರಿಯನ್ನು ಒಬ್ಬರು ಎತ್ತುವುದೇ ಕಷ್ಟ.

ಬೇಸಿಗೆಯಲ್ಲಿ ಕಬಿನಿಯ ದಡದಲ್ಲಿ ನೀರಿಗಿಳಿಯುವ ಆನೆಗಳನ್ನು ನೋಡಲು ಹೋಗುವವರಿಗೆ ಅವಸರವೇಕೆ? ಮುಂದಿನ ಸಲ ದೋಣಿಯಲ್ಲಿ ಕುಳಿತಾಗ ಚಾಲಕರಿಗೆ “ಇನ್ನೂ ಜೋರಾಗಿ ಬಿಡಿ” ಎನ್ನಬೇಡಿ. ಮೂತಿ ಮೇಲೆದ್ದರೆ, “ಸ್ವಲ್ಪ ನಿಧಾನ ಹೋಗೋಣ ಸರ್” ಎಂದು ನೀವೇ ಹೇಳಿ.