ಬೆಂಗಳೂರಿಗಿಂತ ಮೊದಲು ಟಿವಿ ನೋಡಿದ ರಾಯಚೂರು

ಸಿಂಧನೂರು, ಲಿಂಗಸುಗೂರು, ಮಸ್ಕಿ. ಈ ಮೂರೂ ಊರಲ್ಲಿ ಯಾವ ಮಾಳಿಗೆ ಹತ್ತಿ ನೋಡಿದ್ರೂ ಡಿಶ್‌ಗಳು ದಕ್ಷಿಣದ ಆಕಾಶಕ್ಕೇ ಮುಖ ಮಾಡಿರುತ್ತವೆ. ಹಗಲು ರಾತ್ರಿ ಅಲ್ಲಾಡಲ್ಲ. ಯಾಕೆ?

ಯಾಕಂದ್ರೆ ಅವು ನೋಡ್ತಿರೋ ಉಪಗ್ರಹವೂ ನಮ್ಮ ಪಾಲಿಗೆ ಅಲ್ಲಾಡಲ್ಲ. ಸಮಭಾಜಕ ವೃತ್ತದ ಮೇಲೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಮುಗಿಸುತ್ತೆ. ಹಾಗಾಗಿ ಒಂದೇ ಜಾಗದಲ್ಲಿ ನಿಂತಂತೆ. ಇದೇ ಭೂಸ್ಥಿರ ಉಪಗ್ರಹ.

ಲೈವ್‌ನಲ್ಲಿ ನಾನು ಪ್ರಶ್ನೆ ಕೇಳಿದ ಮೇಲೆ ನಮ್ಮ ವರದಿಗಾರರು ಒಂದು ಕ್ಷಣ ಸುಮ್ಮನೆ ನಿಂತಿರ್ತಾರಲ್ಲ? ಉತ್ತರ ಗೊತ್ತಿಲ್ಲ ಅಂತಲ್ಲ. ಉಪಗ್ರಹದ ದಾರಿಯಲ್ಲಿ ಪ್ರಶ್ನೆ ಮೇಲೇರಿ ಇಳಿಯೋಕೆ 72 ಸಾವಿರ ಕಿಲೋಮೀಟರ್. ಬೆಳಕಿನ ವೇಗದಲ್ಲೂ ಹತ್ತಿರ ಹತ್ತಿರ ಕಾಲು ಸೆಕೆಂಡ್. ಉತ್ತರಕ್ಕೆ ಮತ್ತೆ ಅಷ್ಟೇ.

ಈಗ ಅಸಲಿ ವಿಷಯಕ್ಕೆ ಬರೋಣ. 1975ರ ಆಗಸ್ಟ್ 1. ಅಮೆರಿಕದ ನಾಸಾದಿಂದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಟಿವಿ ಕೊಟ್ಟಿತು. ಅದರ ಹೆಸರು ಸೈಟ್. ವಿಕ್ರಮ್ ಸಾರಾಭಾಯ್ ಕಂಡ ಕನಸು ಅದು. ಕರ್ನಾಟಕದಿಂದ ಆಯ್ಕೆಯಾಗಿದ್ದು ಬೆಂಗಳೂರಲ್ಲ. ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು! ಕೋಳಿ ಗೂಡಿಗೆ ಹಾಕುವಂಥ ಜಾಲರಿಯ ಆಂಟೆನಾ, ಊರಿಗೊಂದು ಟಿವಿ, ಬೇಸಾಯ ಮತ್ತು ಆರೋಗ್ಯದ ಮಾತು, ಅದೂ ಕನ್ನಡದಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ.

1976ರ ಜುಲೈ 31ಕ್ಕೆ ಗಡುವು ಮುಗೀತು, ಉಪಗ್ರಹ ಅಮೆರಿಕದ ಕಡೆ ವಾಪಸ್ ಹೊರಟಿತು. ಎರವಲು ಅಂದ್ರೆ ಎರವಲೇ. ಸ್ವಂತದ್ದು ಬೇಕು ಅನ್ನೋ ಪಾಠ ದೇಶ ಕಲಿತದ್ದು ಇಂಥ ಅನುಭವದಿಂದಲೇ. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. ಅದನ್ನು ಕಾಯುವ ಕೇಂದ್ರ ನಮ್ಮ ಹಾಸನದಲ್ಲಿತ್ತು.

ಇವತ್ತು ಸಿಗ್ನಲ್‌ಗೆ ಬರ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ ನೀರಿಗೆ ಕಾಯಬೇಕು. ಉಪಗ್ರಹಕ್ಕೆ ಕೊನೆ ಭಾಗ ಅನ್ನೋದೇ ಇಲ್ಲ. ಬೆಂಗಳೂರಿಗೆ ಬಿದ್ದಷ್ಟೇ ಮಸ್ಕಿಗೂ ಬೀಳುತ್ತೆ. ಆದರೆ ಸುದ್ದಿ? ಮೆಜೆಸ್ಟಿಕ್‌ನಲ್ಲಿ ಅರ್ಧ ಗಂಟೆ ಮಳೆ ಬಂದ್ರೆ ಬ್ರೇಕಿಂಗ್ ನ್ಯೂಸ್. ಸಿಂಧನೂರಲ್ಲಿ ಭತ್ತದ ದರ ಕುಸಿದ್ರೆ ಪರದೆಯ ಅಡಿಯಲ್ಲಿ ಓಡೋ ಒಂದು ಸಾಲು.

ಡಿಶ್ ತನ್ನ ಕೆಲಸ ಸರಿಯಾಗಿ ಮಾಡ್ತಿದೆ. ಅದರೊಳಗೆ ಏನು ಸುರಿಯಬೇಕು ಅನ್ನೋದು ಸ್ಟುಡಿಯೋದಲ್ಲಿ ಕೂತ ನಮ್ಮ ಕೈಲಿದೆ. ಮಸ್ಕಿಯವರು ಬೆಂಗಳೂರನ್ನ ನೋಡಿದ್ದು ಸಾಕು, ಈಗ ಬೆಂಗಳೂರು ಮಸ್ಕಿಯನ್ನ ನೋಡಲಿ.