ಕೇಳದ ಪ್ರಶ್ನೆಗೆ ಉತ್ತರ

ಜೂನ್ ತಿಂಗಳು ಸಮೀಪಿಸಿತೆಂದರೆ ನಮ್ಮ ಗಡಿನಾಡಿನ ಮದುವೆ ಚಪ್ಪರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಮಗುವನ್ನು ಎಲ್ಲಿಗೆ ಸೇರಿಸುತ್ತೀರಿ?" "ಇಲ್ಲೇ, ನಮ್ಮೂರ ಕನ್ನಡ ಶಾಲೆಗೆ" ಎಂದಷ್ಟೇ ಹೇಳಿ ಆತ ಎಲೆಯತ್ತ ತಿರುಗುತ್ತಾನೆ. ಯಾರನ್ನೂ ದೂರಿಲ್ಲ, ಯಾರಿಗೂ ಉಪದೇಶ ಮಾಡಿಲ್ಲ. ಆದರೂ ಪಂಕ್ತಿಯಲ್ಲಿ ಸಮಜಾಯಿಷಿ ಆರಂಭವಾಗುತ್ತದೆ. "ನಮಗೂ ಮನಸ್ಸಿತ್ತು ಭಾವಾ, ಆದರೆ ಇಂಗ್ಲಿಷ್ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತದೆ." "ಮುಂದೆ ಪಿ.ಎಸ್.ಸಿ.ಗೆ ಮಲಯಾಳ ಬೇಡವೇ?" ಮೂರನೆಯವರು ನಗುತ್ತಲೇ ಚುಚ್ಚುತ್ತಾರೆ: "ಅಭಿಮಾನ ಇರಲಿ, ಮಗುವಿನ ಭವಿಷ್ಯವನ್ನೂ ನೋಡಿ!"

ಕೇಳದ ಪ್ರಶ್ನೆಗೆ ಇಷ್ಟೊಂದು ಉತ್ತರಗಳೇಕೆ?

ಇದು ನಮ್ಮ ಊರಿನ ಗುಣ ಮಾತ್ರವಲ್ಲ. ಜೂಲಿಯಾ ಮಿನ್ಸನ್, ಬೆನ್ವಾ ಮೊನಿನ್ ಎಂಬ ಮನೋವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಾಂಸಾಹಾರಿಗಳಿಗೆ ಸಸ್ಯಾಹಾರಿಗಳ ಬಗ್ಗೆ ತೋಚಿದ ಪದಗಳನ್ನು ಬರೆಯುವಂತೆ ಹೇಳಲಾಯಿತು. ಶೇಕಡಾ 47 ಮಂದಿ ಹೀನಾಯದ ಪದಗಳನ್ನೂ ಬರೆದರು. 'ಅವರು ತಮ್ಮನ್ನು ನಮಗಿಂತ ಮೇಲೆಂದು ಭಾವಿಸಿದ್ದಾರೆ' ಎಂದು ಹೆಚ್ಚಾಗಿ ಶಂಕಿಸಿದವರ ಪದಗಳೇ ಹೆಚ್ಚು ಕಟುವಾಗಿದ್ದುವು. ಅಂದರೆ ನೋಯಿಸಿದ್ದು ಬಂದ ನಿಂದೆಯಲ್ಲ. ಬರಬಹುದೆಂದು ಊಹಿಸಿದ ನಿಂದೆ.

ನಮಗೆ ಇನ್ನೊಂದು ಕಾರಣವೂ ಕಾಣುತ್ತದೆ. ನಮ್ಮ ರೂಢಿಗಳಲ್ಲಿ ಅನೇಕವು ನಿಂತಿರುವುದು 'ಬೇರೆ ದಾರಿಯಿಲ್ಲ' ಎಂಬ ನಂಬಿಕೆಯ ಮೇಲೆ. ಬೆಂಗಳೂರಿನಲ್ಲಿ ಯಾರೋ ಸಿರಿವಂತರು ಮಗನನ್ನು ಕನ್ನಡ ಶಾಲೆಗೆ ಕಳುಹಿಸಿದರೆ ಮೆಚ್ಚಿ ಸುಮ್ಮನಾಗುತ್ತೇವೆ. ಆದರೆ ನಮ್ಮಷ್ಟೇ ಅಡಿಕೆ ತೋಟವುಳ್ಳ, ನಮ್ಮದೇ ಬಸ್ಸಿಗೆ ಕಾಯುವ ನೆರೆಕರೆಯವರು ಕಳುಹಿಸಿದಾಗ, ದಾರಿ ಇತ್ತು, ನಾವು ಆರಿಸಲಿಲ್ಲ ಎಂಬುದು ಬಯಲಾಗುತ್ತದೆ. ಆಗ ಸಿಟ್ಟು ಆ ದಾರಿಯಲ್ಲಿ ನಡೆದವನ ಮೇಲೆ.

ಕಾರಣಗಳೆಲ್ಲ ನೆಪಗಳೆಂದು ನಾವು ಹೇಳುತ್ತಿಲ್ಲ. ಕನ್ನಡವೇ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದುದರ ವಿರುದ್ಧ ಈ ಜಿಲ್ಲೆಯ ಹೆತ್ತವರು ಬೀದಿಗಿಳಿದುದುಂಟು. ಅಂಥ ತರಗತಿಗೆ ಮಗುವನ್ನು ಕಳುಹಿಸಲು ಯಾರಾದರೂ ಹಿಂಜರಿದಾರು. ಹಾಗೆಯೇ ಈ ಉರಿ ಒಂದೇ ಪಕ್ಷದ್ದೂ ಅಲ್ಲ. ಮಲಯಾಳ ಮಾಧ್ಯಮದಲ್ಲಿ ಓದುವ ಹುಡುಗಿ ಮನೆಯಲ್ಲಿ ಅಜ್ಜನಿಂದ ಕಲಿತು ಈ ಪತ್ರಿಕೆಯನ್ನು ಸರಾಗವಾಗಿ ಓದಿದರೆ, ಕನ್ನಡ ಶಾಲೆಯ ಕಟ್ಟಾಭಿಮಾನಿಗಳು ಮೊದಲು ಹುಡುಕುವುದು ಅವಳ ಒತ್ತಕ್ಷರದ ತಪ್ಪನ್ನು!

ಈ ವಾದ ಮುಗಿಯುವುದರೊಳಗೆ ಶಾಲೆ ತೆರೆದು ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕ ಆಗಿಹೋಗಿರುತ್ತದೆ. ಅಧ್ಯಾಪಕರ ಹುದ್ದೆಗಳು ಉಳಿಯುವುದೂ ಅಳಿಯುವುದೂ ಆ ಲೆಕ್ಕದಿಂದ. ಅಲ್ಲಿ ಈ ವರ್ಷ ಗಣಿತ ಕಲಿಸುವವರು ಯಾರು, ಅವರಿಗೆ ಕನ್ನಡ ಬರುತ್ತದೆಯೇ ಎಂದು ಚಪ್ಪರದಲ್ಲಿ ಯಾರೂ ವಿಚಾರಿಸಿರುವುದಿಲ್ಲ.